ತೊಟ್ಟಿಲಿಗೊಂದು ಪೈಪು

ಆಯಿಯ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಹಗ್ಗ ಕೊರೆದ ತಗ್ಗೊಂದಿತ್ತು. ಎಷ್ಟೋ ವರ್ಷ ಬಿಗಿಯಾದ ಉಂಗುರ ತೊಟ್ಟು ಈಚೆಗೆ ತೆಗೆದಂತೆ, ಅಲ್ಲಿ ಮಾತ್ರ ಚರ್ಮ ಬೆಳ್ಳಗೆ ನುಣುಪಾಗಿತ್ತು. ಆ ಬೆರಳಿಗೆ ಒಂದು ಹಗ್ಗ, ಎರಡು ಕೈಗಳಲ್ಲಿ ಎರಡು. ಹಗ್ಗಗಳ ಇನ್ನೊಂದು ತುದಿಯಲ್ಲಿ ಹಳೆಯ ಸೀರೆಯ ಜೋಲಿಗಳು, ಜೋಲಿಗಳಲ್ಲಿ ಕೂಸುಗಳು. ಇದೆಲ್ಲ ನಡೆಯುತ್ತಿದ್ದುದು ನಾಸಿಕದ ಪಂಚವಟಿಯಲ್ಲಿ, ನಮ್ಮ ಹೋಟೆಲಿನ ಎದುರಿನ ಬಸ್ ತಂಗುದಾಣದಲ್ಲಿ.

ನನ್ನ ನೆನಪಿನಲ್ಲಿ ಜೋಲಿಗಳು ಯಾವಾಗಲೂ ಮೂರೇ. ಒಂದೇ ತಾಳಕ್ಕೆ ತೂಗುತ್ತವೆ. ಹಾಗಿದ್ದಿರಲು ಸಾಧ್ಯವಿಲ್ಲ. ಕೆಲವು ದಿನ ಐದಾರು ಕೂಸುಗಳಿರುತ್ತಿದ್ದವು, ಎಲ್ಲವೂ ಒಟ್ಟಿಗೆ ಅಳುತ್ತಿದ್ದವು. ನೆನಪಿಗೆ ಅಳು ಕೇಳಿಸುವುದಿಲ್ಲ. ಅದಕ್ಕೇ ಅದನ್ನು ನಾನು ಪೂರ್ತಿ ನಂಬುವುದಿಲ್ಲ.

ಆಯಿ ವಿಜಯಪುರದ ಕಡೆಯವಳು. ಕಟ್ಟಡದ ಕೆಲಸಕ್ಕೆಂದು ಬಂದು, ಬುಟ್ಟಿ ಹೊತ್ತು ಹೊತ್ತು ಸೊಂಟ ಹೋದ ಮೇಲೆ ಈ ಕೆಲಸ ಹಿಡಿದಿದ್ದಳು. ಅವಳ ಕಡೆಯ ಹೆಂಗಸರು ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಕೂಸನ್ನು ಅವಳ ಮಡಿಲಿಗೆ ಹಾಕುತ್ತಿದ್ದರು, ಸಂಜೆ ಬಸ್ಸಿಳಿದು ಎತ್ತಿಕೊಳ್ಳುತ್ತಿದ್ದರು. ಕಂಕುಳಲ್ಲಿ ಕೂಸು ಕಂಡರೆ ಕೂಲಿಗೆ ಆಳು ಆರಿಸುವ ಮುಕಾದಮ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಹಾಗಾಗಿ ಆ ಹೆಂಗಸರ ಕೂಲಿಯೆಲ್ಲ ನೇತಾಡುತ್ತಿದ್ದುದು ತಂಗುದಾಣದ ಎರಡು ಸಿಮೆಂಟು ಕಂಬಗಳ ನಡುವಿನ ಒಂದು ಕಬ್ಬಿಣದ ಪೈಪಿಗೆ. ಜೋಲಿ ಕಟ್ಟುತ್ತಿದ್ದುದು ಅದಕ್ಕೇ. ಅದನ್ನು ಯಾರು ಯಾತಕ್ಕೆ ಹಾಕಿದ್ದರೋ ಗೊತ್ತಿಲ್ಲ. ಜಾಹೀರಾತಿನ ಹಲಗೆಗೆ ಇರಬೇಕು.

ನನ್ನ ಮಗಳೂ ಅಲ್ಲಿ ಮಲಗಿದವಳು. ಹೆರಿಗೆಯ ನಂತರ ನನಗೆ ಜ್ವರ ಬಿಟ್ಟಿರಲಿಲ್ಲ, ಮಗುವಿಗೆ ನಿದ್ದೆಯಿಲ್ಲ. ಚಹಾ ಕುಡಿಯಲು ಬಂದ ಆಯಿ ಒಳಗಿನ ಅಳು ಕೇಳಿ, "ತರ್ರಿ ಇಲ್ಲೆ" ಎಂದು ಕೈ ಚಾಚಿದಳು. ಅತ್ತೆಯವರಿಗೆ ಸಿಟ್ಟು ಬಂತು. ಅವರು ಕುಂದಾಪುರದವರು.

"ಎಂಥ ಮಾರಾಯ್ತಿ, ಹೋಟ್ಲಿನ ಮಗು ಬಸ್‌ಸ್ಟಾಪಿನಲ್ಲಿ ಮಲಗೂದಾ? ಕಂಡವರು ಎಂಥ ಹೇಳ್ತ್ರು?"

"ಕಂಡವ್ರು ಬಸ್ ಹತ್ತಿ ಹೊಕ್ಕಾರ್ರಿ ಅಮ್ಮಾರ. ಕೂಸು ನಿದ್ದಿ ಮಾಡ್ತೈತಿ."

ಮಾಡಿತು. ಅಂದು ನಾನೂ ಮಲಗಿದೆ. ಆ ನಿದ್ದೆಯ ಋಣವನ್ನು ಹೇಗೆ ಹೇಳಬೇಕೆಂದು ಇಂದಿಗೂ ನನಗೆ ತಿಳಿದಿಲ್ಲ.

ಅವಳ ಬಾಯಿ ಮೃದುವಲ್ಲ. ಮಧ್ಯಾಹ್ನ ಯಾವನಾದರೂ ಹಾರ್ನ್ ಬಾರಿಸಿದರೆ ಕೂತಲ್ಲಿಂದಲೇ, "ಏ ಡ್ರೈವರಪ್ಪಾ, ಅದನ್ನ ನಿಮ್ಮವ್ವನ ಕಿವ್ಯಾಗ ಊದು ಹೋಗು!" ಎನ್ನುತ್ತಿದ್ದಳು. ಕನ್ನಡ ಬಾರದ ಡ್ರೈವರುಗಳಿಗೂ ಅದು ಅರ್ಥವಾಗುತ್ತಿತ್ತು.

ಹಳೆಯ ತಂಗುದಾಣ ಕೆಡವಿ ಹೊಸದು ಕಟ್ಟುತ್ತಾರೆಂಬ ಸುದ್ದಿ ಬಂದಾಗ ನಮ್ಮ ಹೋಟೆಲಿನ ಟೇಬಲ್ಲುಗಳಲ್ಲಿ ಅದೇ ಮಾತು. ನಿಂತಿರುವುದನ್ನು ಕೆಡವಲು ದುಡ್ಡಿದೆ, ಗಟಾರ ಮುಚ್ಚಲು ಇಲ್ಲ ಎಂದರು. ನನ್ನ ಗಂಡ ಒಂದು ಅರ್ಜಿ ಬರೆದರು: ಹೊಸದು ದಂಡ, ಬಡ ಹೆಂಗಸರ ನೆರಳು ಹೋಗುತ್ತದೆ, ಹಳೆಯದನ್ನೇ ಉಳಿಸಿ. ಗಿರಾಕಿಗಳೆಲ್ಲ ಸಹಿ ಹಾಕಿದರು. ಕೊನೆಗೆ ಹೆಬ್ಬೆಟ್ಟಿಗಾಗಿ ಆಯಿಯ ಬಳಿ ಒಯ್ದರು. ಅವಳಿಗೋಸ್ಕರ ಬರೆದದ್ದು, ಅವಳನ್ನು ಕೇಳುವುದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ.

ಓದಿ ಹೇಳಿದ ಮೇಲೆ ಆಯಿ ತಲೆಯೆತ್ತಿ ಚಾವಣಿ ನೋಡಿದಳು. ಸಿಮೆಂಟು ಕಿತ್ತು ತುಕ್ಕಿನ ಸರಳುಗಳು ಹೊರಬಿದ್ದಿದ್ದವು.

"ಮೊನ್ನಿ ಮ್ಯಾಲಿಂದ ತುಂಡು ಬಿತ್ತಲ್ಲ, ಆವಾಗ ನೀವಿದ್ರೇನ್ರಿ ಅಣ್ಣಾರ? ಖಾಲಿ ಜೋಲ್ಯಾಗ ಬಿತ್ತು. ಕೂಸಿದ್ರ?"

"ನಿಮ್ಮ ನೆರಳು ಹೋಗ್ತದಲ್ಲ ಆಯಿ..."

"ನೆಳ್ಳಿನ ಮಾತು ಬಿಡ್ರಿ. ಕೆಡವ್ಲಿ. ನನ್ನ ಹೆಸರ ಹೇಳಿ ಹಳೇದು ಉಳಸಬ್ಯಾಡ್ರಿ. ಹೊಸಾದ್ರಾಗ ಒಂದ್ ಪೈಪ್ ಹಾಕ್ರಿ ಅಂತ ಬರೀರಿ, ಈಗ ಹೆಬ್ಬಟ್ಟ ಒತ್ತತೀನಿ."

ಆ ತುಂಡು ಬಿದ್ದದ್ದು ನಮ್ಮ ಮಗಳ ಜೋಲಿಯಲ್ಲಿ ಎಂದು ನನ್ನ ಗಂಡ ಈಗ ಹೇಳುತ್ತಾರೆ. ಆಗ ಹೇಳಿದ ನೆನಪಿಲ್ಲ. ನಾನು ಅಲ್ಲಿರಲಿಲ್ಲ. ಕತೆಗೆ ಅದು ಚೆನ್ನಾಗಿ ಹೊಂದುತ್ತದೆ, ಅಷ್ಟೇ ನನಗೆ ಗೊತ್ತು.

ಅರ್ಜಿ ಹೋಗಲಿಲ್ಲ. ಅಳತೆಗೆ ಬಂದ ಹುಡುಗು ಪ್ರಾಯದ ಎಂಜಿನಿಯರನ ಮುಂದೆ ಆಯಿ ತಾನೇ ನಿಂತು ಪೈಪು ಕೇಳಿದಳು. ನಾನು ಅವಳ ಮಾತನ್ನು ಮರಾಠಿಗೆ ತಿರುಗಿಸಿದೆ. ಅವನು ನಕ್ಕ. "ಮೌಶಿ, ಹಾ ಬಸ್ ಥಾಂಬಾ ಆಹೇ, ಪಾಳಣಾಘರ್ ನಾಹೀ." ಇದು ಬಸ್ ನಿಲ್ಲುವ ಜಾಗ, ಮಕ್ಕಳನ್ನು ನೋಡಿಕೊಳ್ಳುವ ಮನೆಯಲ್ಲ.

"ಕೂಸು ಬಸ್ಸಿಗೆ ನಿಂತಿಲ್ಲ ಖರೆ," ಎಂದಳು ಆಯಿ. "ಅದರವ್ವ ನಿಂತಾಳಲ್ಲಪ್ಪ."

ಅವನ ನಗು ನಿಂತಿತು. ತನಗೆ ಅರ್ಥವಾಗುತ್ತದೆ, ಆದರೆ ನಕ್ಷೆ ಮೇಲಿನಿಂದ ಬರುತ್ತದೆ ಎಂದ. ಕೆಟ್ಟವನೇನಲ್ಲ.

ಹೊಸದು ಬಂತು. ಹಿಂದೆ ಸೀರೆ ಎಟುಕದಷ್ಟು ದೂರದೂರಕ್ಕೆ ಒಂದೇ ಸಾಲು ಉಕ್ಕಿನ ಕಂಬ, ಅವುಗಳಿಂದ ಮುಂದಕ್ಕೆ ಚಾಚಿದ ನುಣುಪಾದ ಚಾವಣಿ, ಯಾರೂ ಮಲಗದಂತೆ ನಡುನಡುವೆ ಸರಳು ಹಾಕಿದ ಆಸನಗಳು. ಜೋಲಿಗೆ ಎತ್ತರದಲ್ಲಿ ಆಧಾರ ಬೇಕು. ಅಲ್ಲಿ ಹಗ್ಗ ಸುತ್ತಲು ಏನೂ ಇರಲಿಲ್ಲ. ಮೊದಲ ಬೆಳಿಗ್ಗೆ ಒಬ್ಬಳು ಅತ್ತಿತ್ತ ನೋಡಿ ಕೂಸನ್ನು ಮತ್ತೆ ಕಂಕುಳಿಗೇರಿಸಿಕೊಂಡು ಬಸ್ಸು ಹತ್ತಿದಳು. ಅವಳು ಕೆಲಸವಿಲ್ಲದೆ ವಾಪಸು ಬರುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು. ಇನ್ನೊಬ್ಬಳು ಹತ್ತಲಾರದೆ ನಿಂತಳು. ಆಯಿ ಸೀರೆಯ ಒಂದು ತುದಿಯನ್ನು ಹಿಂದಿನ ಕಂಬಕ್ಕೆ ಬಿಗಿದಳು, ಇನ್ನೊಂದನ್ನು ತನ್ನ ಹೆಗಲಿಗೆ ಸುತ್ತಿಕೊಂಡು ಹಿಂದಕ್ಕೆ ಜಗ್ಗಿ ನಿಂತಳು. "ಹಾಕ್ ಇದರಾಗ. ನೀ ನಡಿ, ಬಸ್ ಬಂತು."

ಇದನ್ನು ನಾನು ಹಲವರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಅವಳು ಇನ್ನಷ್ಟು ಹೊತ್ತು ನಿಲ್ಲುತ್ತಾಳೆ. ಒಮ್ಮೆ ಸಂಜೆಯವರೆಗೂ ನಿಲ್ಲಿಸಿಬಿಟ್ಟೆ. ಸುಳ್ಳು. ಕಾಲು ಗಂಟೆ ಇರಬಹುದು. ಅವಳ ತುಟಿ ನೋವಿಗೆ ಬಿಳಿಚಿದ್ದು ಕಂಡು ರಸ್ತೆ ದಾಟಿ ಹೋಗಿ ಕೂಸನ್ನು ಎತ್ತಿಕೊಂಡೆ. ಅದೇ ವಾರ ನನ್ನ ಗಂಡ ಹೋಟೆಲಿನ ಪಕ್ಕದ ಓಣಿಯಲ್ಲಿ ಎರಡು ಗೋಡೆಗಳ ನಡುವೆ ಪೈಪು ಹಾಕಿಸಿದರು. ಕೂಸುಗಳಿಗೆ ಹಚ್ಚಲು ಎಣ್ಣೆಬಟ್ಟಲು ಹಿಡಿದು ಮೊದಲು ಬಂದವರು ಅತ್ತೆಯವರು. ಆದರೆ ಓಣಿ ಕಿರಿದು, ನಡುವೆ ರಸ್ತೆ, ಬಸ್ಸು ಕಾಯುವುದಿಲ್ಲ. ಕೆಲವರು ಬಂದರು. ಕೆಲವರು ಬರುವುದನ್ನು ಬಿಟ್ಟರು. ಒಬ್ಬಳು ಊರಿಗೇ ಮರಳಿದಳಂತೆ.

ಈಗ ಸಂಭಾಜಿನಗರದಲ್ಲಿ ಮೈದುನನ ಹೋಟೆಲಿನ ಎದುರಿನ ತಂಗುದಾಣ ಕೆಡವಿ ಹೊಸದು ಕಟ್ಟುವ ಬಗ್ಗೆಯೂ ಇದೇ ಚರ್ಚೆ. "ಅತ್ತಿಗೆ, ನಿಮ್ಮಲ್ಲಿ ಆಯ್ತಲ್ಲ, ದುಡ್ಡು ದಂಡವಾ?" ಎಂದು ಫೋನಿನಲ್ಲಿ ಕೇಳಿದ. ನಮ್ಮದು ಒಂದು ಮಳೆಗಾಲದಲ್ಲೂ ಸೋರಿಲ್ಲ, ಯಾರ ತಲೆಯ ಮೇಲೂ ಏನೂ ಬಿದ್ದಿಲ್ಲ. ಆಯಿ ಬೇಕೆಂದದ್ದು ಅದನ್ನೇ. "ದಂಡವಲ್ಲ," ಎಂದೆ. "ಆದರೆ ನಕ್ಷೆ ಬರೆಯುವ ಮೊದಲು ಅಲ್ಲಿ ದಿನವಿಡೀ ಇರುವವರನ್ನು ಕೇಳಲಿ." ಅವನು ಹ್ಞೂಂ ಎಂದ, ಯಾರನ್ನಾದರೂ ಕೇಳಿದರೋ ಇಲ್ಲವೋ.

ಸೊಂಟ ಪೂರ್ತಿ ಸೋತ ಮೇಲೆ ಆಯಿ ಊರಿಗೆ ಹೋದಳು. ಹೊರಡುವಾಗ ಏನು ಹೇಳಿದಳೆಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಬಹುಶಃ ನಾನು ಅಡುಗೆಮನೆಯಲ್ಲಿದ್ದೆ. ಅವಳು ತೀರಿಕೊಂಡ ಸುದ್ದಿ ತಂದವಳು ಅವಳ ಕಡೆಯ ಹೆಂಗಸು; ಬೆಳಗಿನ ಬಸ್ಸಿನ ಹೊತ್ತು, ಕಂಕುಳಲ್ಲಿ ಕೂಸು.

"ಆಯಿ ಹ್ವಾದಳ್ರಿ ಅಕ್ಕಾರ. ಯಾರಿಗೂ ತ್ರಾಸ ಕೊಡ್ಲಿಲ್ಲಂತ."

ನಾನು ಯಾವಾಗ, ಹೇಗೆ ಎಂದು ಕೇಳುವಷ್ಟರಲ್ಲಿ ಬಸ್ಸು ಬಂತು. ಅವಳು ಬಸ್ಸನ್ನೂ ಕೂಸನ್ನೂ ನೋಡಿದಳು.

"ಕೊಡು," ಎಂದೆ.

ಅದು ಮಧ್ಯಾಹ್ನದವರೆಗೂ ಅತ್ತಿತು. ಓಣಿಯ ನೆಲದ ಮೇಲೆ ಕೂತು ನಾನು ತೂಗುತ್ತಲೇ ಇದ್ದೆ.