ಸುವರ್ತಿ ಕೈಬಿಟ್ಟ ಚಿತ್ರ

ನಮ್ಮ ಸೆರಾಯು ನದಿಯ ಹಕ್ಕಿಗಳ ಪುಸ್ತಕಕ್ಕೆ ಚಿತ್ರ ಆರಿಸುವ ಕೆಲಸ ನನ್ನ ಪಕ್ಕದ ಮನೆಯ ಸುವರ್ತಿಯದು. ಪುಸ್ತಕ ಹಿಡಿದು ದಂಡೆಗೆ ಹೋದವರಿಗೆ ಎದುರಿನ ಹಕ್ಕಿ ಯಾವುದೆಂದು ಗೊತ್ತಾದರೆ ಸಾಕು. ಹಾಗಾಗಿ ಚೆಂದದ ಚಿತ್ರ ಕಂಡರೆ ಅವಳಿಗೆ ಮೊದಲು ಅನುಮಾನ. ಹಕ್ಕಿ ಪಕ್ಕಕ್ಕೆ ತಿರುಗಿರಬೇಕು. ಕೊಕ್ಕು, ರೆಕ್ಕೆ, ಬಾಲ, ಕಾಲು ಎಲ್ಲವೂ ಕಾಣಬೇಕು. ಒಮ್ಮೆ ನಮ್ಮ ಜೊತೆ ಪುಸ್ತಕಕ್ಕೆ ದುಡಿಯುವ ಗಲೀಹ್ ಮೇಷ್ಟ್ರು ಕೆಂಪು ಸಂಜೆಯೆದುರು ಕೂತ ಕೊಕ್ಕರೆಯ ಚಿತ್ರ ತಂದು ಹೆಮ್ಮೆಯಿಂದ ತೋರಿಸಿದರು.

“ಸೂರ್ಯ ಚೆನ್ನಾಗಿದಾನೆ, ಕ್ಯಾಲೆಂಡರಿಗೆ ಕೊಡಿ ಮೇಷ್ಟ್ರೇ,” ಎಂದಳು. “ಇದು ಕೊಕ್ಕರೆನೋ ಮುಚ್ಚಿಟ್ಟ ಕೊಡೆನೋ, ನಂಗಂತೂ ತಿಳೀಲಿಲ್ಲ.”

ಅವಳಿಗೆ ಈ ಹಕ್ಕಿಯ ಹುಚ್ಚು ಹತ್ತಿದ್ದು ಗಂಡ ಕಾಸಿಮಾನನಿಂದ. ಬಸ್ಸು ಓಡಿಸುವುದು ಬಿಟ್ಟ ಮೇಲೆ ಆತ ಹಳೆಯ ಕ್ಯಾಮೆರಾ ಕೊಂಡ. ಹೆಂಡತಿಯ ಮುಖವೊಂದನ್ನು ಬಿಟ್ಟು ನದಿಯ ಹಕ್ಕಿಗಳ ಮುಖವೆಲ್ಲ ತೆಗೆದ. ಇವಳು ಬೈಯುತ್ತಲೇ ಬುತ್ತಿ ಹೊತ್ತು ಹಿಂದೆ ಹೋಗುತ್ತಿದ್ದಳು. ಅವನು ಹುಡುಕುತ್ತಿದ್ದುದು ಚುಚಾಕ್ ರಾವಾ. ಒಣಹುಲ್ಲಿನ ಬಣ್ಣದ ತಲೆಯ, ಪಿಕಳಾರದ ಜಾತಿಯ ಹಕ್ಕಿ. ನಾವು ಚಿಕ್ಕವರಿದ್ದಾಗ ದಂಡೆಯ ತುಂಬ ಹಾಡುತ್ತಿತ್ತು. ಆ ಹಾಡೇ ಅದಕ್ಕೆ ಮುಳುವಾಯಿತು. ಜನ ಹಿಡಿದು ಹಿಡಿದು ಪಂಜರಕ್ಕೆ ಹಾಕಿದರು, ದಂಡೆ ಮೂಕವಾಯಿತು.

ಹೋದ ವರ್ಷ ಬಿದಿರುಮೆಳೆಯಲ್ಲಿ ಒಂದು ಸಿಕ್ಕಿತು. ಕಾಸಿಮಾನ ಚಪ್ಪಲಿಯನ್ನು ಕೆಸರಲ್ಲೇ ಬಿಟ್ಟು ಓಡಿಬಂದು, ಕ್ಯಾಮೆರಾದ ಅಂಗೈಯಗಲದ ಪರದೆಯಲ್ಲಿ ಬೀದಿಗೆಲ್ಲ ತೋರಿಸಿದ. ಆ ಮಳೆಗಾಲವೇ ಅವನ ಹೃದಯ ಕೈಕೊಟ್ಟಿತು. ಆಸ್ಪತ್ರೆಯಲ್ಲೂ ಅದೇ ಮಾತು: “ಒಂದಾದ್ರೂ ಉಳ್ಕೊಂಡಿದೆ ಕಣೇ. ಪುಸ್ತಕದಲ್ಲಿ ಹಾಕ್ಸು.”

ಹಾಕಿಸುತ್ತೇನೆಂದು ಅವಳು ಮಾತು ಕೊಟ್ಟಿದ್ದಳು.

ಮೊನ್ನೆ ಆ ಪುಟದ ಸರದಿ ಬಂತು. ಪುಸ್ತಕದ ಕೆಲಸ ನಡೆಯುವ ಶಾಲೆಗೆ ನಾನು ಸೋಯಾ ಬಜ್ಜಿಯಂಥ ಮೆಂದೋವಾನ್ ಕರಿದು ಒಯ್ದಿದ್ದೆ. ಗಲೀಹ್ ಮೇಷ್ಟ್ರೂ ಇದ್ದರು. ಸುವರ್ತಿ ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಬಿದಿರಿನ ನೆರಳಿಗೆ ಸ್ವಲ್ಪ ಬೆಳಕು ಕೊಟ್ಟಳು. ತಲೆ ಸರಿ, ಎದೆಯ ಗೆರೆ ಸರಿ. ಕಾಲಿನ ಹತ್ತಿರ ಅವಳ ಕೈ ನಿಂತಿತು. ಕಾಲಲ್ಲಿ ಲೋಹದ ಬಳೆಯಿತ್ತು. ಮನೆಯಲ್ಲಿ ಮರಿ ಮಾಡಿಸಿ ಮಾರುವವರು ತೊಡಿಸುತ್ತಾರಲ್ಲ, ಅದು. ಯಾರದೋ ಪಂಜರದಿಂದ ತಪ್ಪಿಸಿಕೊಂಡ ಹಕ್ಕಿ, ದಂಡೆಯಲ್ಲಿ ಉಳಿದುಕೊಂಡದ್ದಲ್ಲ.

ನಾವು ಯಾರೂ ತಿಂಡಿ ಮುಟ್ಟಲಿಲ್ಲ. ಕೊನೆಗೆ ಮೇಷ್ಟ್ರು ಮೆಲ್ಲಗೆ, “ಕೊಂಬೆ ಹತ್ರ ಕತ್ತರಿಸಿಬಿಡೋಣ ಸುವರ್ತಮ್ಮ. ಮೇಲಿನ ಭಾಗ ಸಾಕು. ಯಾರಿಗೆ ಗೊತ್ತಾಗುತ್ತೆ?” ಎಂದರು.

“ಯಾರೋ ಪಾಪದವರು ಈ ಪುಟ ನಂಬಿ ಆ ಮೆಳೆ ಹತ್ರ ಹೋಗಿ ಕೂರ್ತಾರೆ,” ಎಂದಳು ಸುವರ್ತಿ. “ನಮ್ಮನೆಯವರು ಕೂತಿದ್ರಲ್ಲ, ಮಳೆ ಬಿಸಿಲು ಅನ್ನದೆ, ಹಾಗೇ. ಬರಲ್ಲ ಅಂತ ಗೊತ್ತಿದ್ದೂ ಕಾಯಿಸ್ಲಾ?”

ನನಗೆ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಸತ್ತವನ ಒಂದು ಆಸೆಗೆ ಇಷ್ಟು ನಿಷ್ಠುರ ಬೇಕಿತ್ತೇ ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ಚಿತ್ರವನ್ನು ತೆಗೆದುಹಾಕಿ, ಮುಂದಿನ ಹಕ್ಕಿಯನ್ನು ಆ ಜಾಗಕ್ಕೆ ಸರಿಸಿದಳು.

ಮನೆಗೆ ನಡೆಯುವಾಗ ಅತ್ತಳು. ನಾನು ಕೈ ಹಿಡಿದುಕೊಂಡೆ.

“ಅವರು ಆ ಬಳೆನ ನೋಡ್ಲಿಲ್ಲ, ಅಷ್ಟೇ ಪುಣ್ಯ,” ಎಂದಳು. “ಪ್ರತಿ ವಾರ ಸಮಾಧಿಗೆ ಹೂ ಹಾಕೋವಾಗ ಪುಸ್ತಕ ಎಲ್ಲಿಗೆ ಬಂತು ಅಂತ ಹೇಳ್ತಿದ್ದೆ. ನಾಳೆ ಹೂ ಹಾಕಿ ಸುಮ್ನೆ ಬಂದ್ಬಿಡ್ತೀನಿ.”