ಚಕ್ರದಲ್ಲಿ ಕಾಣದ ಕೆಂಪು

ಎಂಬರಾರಾ ಪಟ್ಟಣದ ಹಾಲಿನ ಕಂಪನಿಯ ಮೇಲ್ಮಹಡಿಗೆ ಇನ್ನೂ ಬೆಳಕು ಬಂದಿಲ್ಲ. ಕಂಪ್ಯೂಟರಿನ ಮುಂದೆ ಕೂತ ಕ್ಯಾರಿಸೀಮಾ ಲೋಟಕ್ಕೆ ಬಗ್ಗಿಸಿಕೊಂಡ ಚಹಾವನ್ನು ಕುಡಿಯುವುದನ್ನೇ ಮರೆತಿದ್ದಾರೆ. ಪರದೆಯ ಮೇಲೆ ಅವರೇ ಕಟ್ಟಿದ ಪೈ ಚಾರ್ಟ್ ಇದೆ. ಯಾವ ಬೆಟ್ಟದ ಸಂಗ್ರಹ ಕೇಂದ್ರದ ತೊಟ್ಟಿಯಲ್ಲಿ ಎಷ್ಟು ಹಾಲು ನಿಂತಿದೆ ಎಂದು ತೋರಿಸುವ ಬಣ್ಣದ ಚಕ್ರ ಅದು. ಚಕ್ರ ದುಂಡಗೆ ತುಂಬಿದೆ, ಕೆಳಗೆ ಅಂಗಳದಲ್ಲಿ ಟ್ಯಾಂಕರುಗಳು ಹೊರಡಲು ಸಜ್ಜಾಗಿವೆ. ಆದರೂ ಅವರ ಕಣ್ಣು ಚಕ್ರದಲ್ಲಿ ಏನನ್ನೋ ಹುಡುಕುತ್ತಿದೆ.

"ಬಿಹೊಗೊ ಎಲ್ಲಿ?" ಎಂದು ತಮಗೆ ತಾವೇ ಕೇಳಿಕೊಳ್ಳುತ್ತಾರೆ.

ಬಿಹೊಗೊ ಎಂದರೆ ಇಲ್ಲಿನ ಉದ್ದ ಕೊಂಬಿನ ಹಸುಗಳಲ್ಲಿ ಎಲ್ಲರೂ ಆಸೆಪಡುವ ಕಡುಗೆಂಪು. ಕ್ಯಾರಿಸೀಮಾ ಪ್ರತಿ ಕೇಂದ್ರಕ್ಕೂ ಒಂದೊಂದು ಹಸುವಿನ ಬಣ್ಣ ಕೊಟ್ಟಿದ್ದಾರೆ. ಸಾಫ್ಟ್‌ವೇರ್ ತನಗೆ ತೋಚಿದ್ದನ್ನು ಬಳಿಯಲು ಬಿಟ್ಟಿಲ್ಲ. ಕಡುಗೆಂಪು ಕಶೆಂಡಾ ಬೆಟ್ಟದ್ದು. ಇವತ್ತು ಆ ಹೋಳೇ ಇಲ್ಲ. ಕಶೆಂಡಾದ ಲೆಕ್ಕ ಬಂದಿಲ್ಲ, ಅದರ ಜಾಗವನ್ನು ಉಳಿದ ಬೆಟ್ಟಗಳು ಹಂಚಿಕೊಂಡು ಚಕ್ರವನ್ನು ಭರ್ತಿ ಮಾಡಿಬಿಟ್ಟಿವೆ.

"ಈ ಚಕ್ರದ ಗುಣವೇ ಅಂಥದ್ದು," ಎನ್ನುತ್ತಾರೆ ಅವರು. "ಅರ್ಧ ಊರು ಬರದಿದ್ರೂ ಹೊಟ್ಟೆ ತುಂಬಿದ ಹಾಗೇ ಕೂತಿರತ್ತೆ. ನಾವಾಗಿ ಕೇಳ್ಬೇಕು."

ತಪ್ಪು ತಮ್ಮದೂ ಹೌದು ಎನ್ನುವುದು ಅವರಿಗೆ ಗೊತ್ತು. ಹೋದ ವಾರ ಮೇಲಿನವರು, ಹಾಲಿಲ್ಲದ ಕೇಂದ್ರಗಳ ಸೊನ್ನೆಗಳೆಲ್ಲ ಒಂದರ ಮೇಲೊಂದು ಬಿದ್ದು ಚಿತ್ರ ಕೊಳಕಾಗಿದೆ ಎಂದು ಗೊಣಗಿದ್ದರು. ಸೊನ್ನೆಯನ್ನು ಮರೆಮಾಡುವ ಗುಂಡಿ ಒತ್ತಿದ್ದು ಇವರೇ. ಅದರಿಂದ ಹಾಲಿಲ್ಲದ ಕೇಂದ್ರವೂ ಮರೆಯಾಗುತ್ತದೆ, ಸುದ್ದಿಯನ್ನೇ ಕಳಿಸದ ಕೇಂದ್ರವೂ ಮರೆಯಾಗುತ್ತದೆ. "ಮಾಡಿದ್ದುಣ್ಣೋ ಮಾರಾಯ ಅಂದ ಹಾಗಾಯ್ತು. ಆದ್ರೆ ಇಲ್ಲಿ ಮಾಡಿದೋಳು ನಾನು, ಉಣ್ಣೋರು ಆ ಬೆಟ್ಟದ ಜನ."

ಕಶೆಂಡಾದ ತೊಟ್ಟಿ ಕಾಯುವ ಎನಿಡ್‌ಗೆ ಮತ್ತೆ ಮತ್ತೆ ಫೋನ್ ಮಾಡುತ್ತಾರೆ. ಫೋನ್ ಸತ್ತಿದೆ. ರಾತ್ರಿ ಆ ಕಡೆ ಸಿಡಿಲು ಜೋರಾಗಿತ್ತು. ಕರೆಂಟು ಹೋಗಿದ್ದರೆ ತೊಟ್ಟಿಯ ತಂಪು ಈಗಾಗಲೇ ಇಳಿಯುತ್ತಿರುತ್ತದೆ, ಬಿಸಿಲೇರಿದರೆ ಇಡೀ ಬೆಟ್ಟದ ಹಾಲು ಹಳ್ಳದ ಪಾಲು. ಹೋಳು ನೋಡಿ ಟ್ಯಾಂಕರ್ ಹಂಚುವುದು ಇಲ್ಲಿಯ ಕ್ರಮ. ಹೋಳಿಲ್ಲದ ಕಡೆಗೆ ಟ್ಯಾಂಕರ್ ಹೋಗುವುದಿಲ್ಲ.

ಕ್ಯಾರಿಸೀಮಾ ಈ ಕಂಪನಿ ಸೇರಿದ್ದು ಗೇಟಿನಲ್ಲಿ ಕ್ಯಾನ್ ಮೂಸಿ ಹುಳಿ ಹಾಲು ಹಿಡಿಯುವ ಕೆಲಸಕ್ಕೆ. ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿತು ಮೇಲ್ಮಹಡಿ ಹತ್ತಿ ಒಂಬತ್ತು ವರ್ಷವಾದರೂ ಕಾವಲುಗಾರನಿಗೆ ಇವರು ಇನ್ನೂ "ಹಾಲು ಮೂಸೋ ಅಕ್ಕ". ದಿನಾ ಹನ್ನೊಂದು ಕೇಂದ್ರಗಳ ಲೆಕ್ಕ ಬರುತ್ತದೆ; ಒಬ್ಬರು ಲೀಟರಿನಲ್ಲಿ ಕಳಿಸಿದರೆ ಇನ್ನೊಬ್ಬರು ಕ್ಯಾನಿನಲ್ಲಿ ಕಳಿಸುತ್ತಾರೆ. ನಡುವೆ ಕರೆಂಟು ಕೈಕೊಟ್ಟರೆ ಎಲ್ಲ ಮೊದಲಿನಿಂದ. ಸಭೆಯ ಗೋಡೆಯ ಮೇಲೆ ಮೂಡುವ ಚಕ್ರವನ್ನು ಯಾರು ಕಟ್ಟಿದರು ಎಂದು ಇದುವರೆಗೆ ಯಾರೂ ಕೇಳಿಲ್ಲ.

ಬಣ್ಣದ ಪಾಠ ಮಾತ್ರ ಮನೆಯದು. "ನಮ್ಮಪ್ಪ ಹಸು ಎಣಿಸಲ್ಲ, ಎಣಿಸಿದ್ರೆ ದೃಷ್ಟಿ ತಾಗತ್ತೆ ಅಂತಾರೆ. ಸಂಜೆ ದೊಡ್ಡಿ ಬಾಗಿಲಲ್ಲಿ ನಿಂತು ಸುಮ್ನೆ ನೋಡ್ತಾರೆ. ಬಂದೋರ ಸುದ್ದಿ ಎತ್ತಲ್ಲ. 'ಆ ಬಿಳಿ ಹಣೆಯೋಳು ಬಂದಿಲ್ಲ' ಅಂತ ಕೋಲು ಹಿಡ್ಕೊಂಡು ಹೊರಟೇಬಿಡ್ತಾರೆ."

ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳುತ್ತದೆ. ಟ್ಯಾಂಕರುಗಳ ಉಸ್ತುವಾರಿ ಕಟುರೇಬೆ, ಕೈಯಲ್ಲಿ ಮೊಟ್ಟೆ ಸುತ್ತಿದ ಚಪಾತಿ ಹಿಡಿದೇ ಒಳಗೆ ಬರುತ್ತಾರೆ.

"ಏನು ತಾಯಿ, ಚಕ್ರ ತುಂಬಿದೆಯಲ್ಲ, ಮುಖ ಯಾಕೆ ಹಾಗಿದೆ?"

"ತುಂಬಿಲ್ಲ ಸಾರ್. ಕಶೆಂಡಾ ಇಲ್ಲ."

"ಇಲ್ಲ ಅಂದ್ಮೇಲೆ ಹಾಲಿಲ್ಲ. ಮುಗೀತಲ್ಲ."

"ಹಾಲಿಲ್ಲ ಅಂತ ಯಾರೂ ಹೇಳಿಲ್ಲ ಸಾರ್. ಯಾರೂ ಏನೂ ಹೇಳಿಲ್ಲ, ಅಷ್ಟೇ."

ಕಟುರೇಬೆಯ ದನಿ ಗಡುಸಾಗುತ್ತದೆ. "ಇರೋದು ನಾಲ್ಕು ಟ್ಯಾಂಕರ್. ಒಂದನ್ನ ಆ ಕೆಸರು ದಾರೀಲಿ ಕಳಿಸಿ ಅದು ಖಾಲಿ ವಾಪಸ್ ಬಂದ್ರೆ, ಈ ಕಡೆಯೋರ ಹಾಲು ಕೆಡತ್ತೆ. ಅವರ ಮುಂದೆ ಯಾರು ನಿಲ್ಲೋದು? ನೀನಾ?"

ಮಾತು ನ್ಯಾಯವಾದದ್ದೇ. ಕ್ಯಾರಿಸೀಮಾ ಕೀಲಿಮಣೆಗೆ ತಿರುಗುತ್ತಾರೆ. ಸೊನ್ನೆ ಮರೆಮಾಡುವ ಗುಂಡಿಯನ್ನು ಆರಿಸುತ್ತಾರೆ, ಕಶೆಂಡಾದ ನಿನ್ನೆಯ ಅಳತೆಯಷ್ಟು ಜಾಗ ಬಿಡಿಸುತ್ತಾರೆ, ಬಣ್ಣ ಮಾತ್ರ ಹಾಕುವುದಿಲ್ಲ. ಬೇರೆ ಹೋಳುಗಳು ಕುಗ್ಗುತ್ತವೆ. ನಡುವೆ ಅಗಲವಾದ ಬಿಳಿ ಜಾಗ ತೆರೆದುಕೊಳ್ಳುತ್ತದೆ. ಮೇಲೆ ಬರೆಯುತ್ತಾರೆ: ಸುದ್ದಿ ಇಲ್ಲ.

ಕಟುರೇಬೆಯ ಚಪಾತಿ ಬಾಯಿಯ ಹತ್ತಿರವೇ ನಿಲ್ಲುತ್ತದೆ. "ಇಷ್ಟು ದೊಡ್ಡದಾ?"

"ನಿನ್ನೆ ಇಷ್ಟಿತ್ತು. ಇವತ್ತಿಂದು ನನಗೂ ಗೊತ್ತಿಲ್ಲ ಸಾರ್. ಖಾಲಿ ಬಂದ್ರೆ ನಾನೇ ನಿಲ್ತೀನಿ."

ಕಟುರೇಬೆ ಚಪಾತಿಯನ್ನು ಮೇಜಿನ ಮೇಲಿಡುತ್ತಾರೆ. ಆಮೇಲೆ ಕಿಟಕಿಯಿಂದ ಬಗ್ಗಿ, ಗಂಟಲು ಹರಿಯುವಂತೆ ಕೂಗುತ್ತಾರೆ: "ಲೋ, ಮೂರನೇ ಗಾಡಿ ಕಶೆಂಡಾಕ್ಕೆ!"

ಮುಂದಿನ ಎರಡು ಗಂಟೆ ಕ್ಯಾರಿಸೀಮಾ ಪಾಲಿಗೆ ಮುಳ್ಳಿನ ಮೇಲೆ ಕೂತ ಹಾಗೆ. ತುಪ್ಪದ ಲೆಕ್ಕ, ಮೊಸರಿನ ಲೆಕ್ಕ, ಬೇರೆ ಚಕ್ರಗಳು ಬಾಕಿ ಇವೆ, ಬೆರಳು ಓಡುವುದಿಲ್ಲ. ಕಿಟಕಿಯ ಹೊರಗೆ ಬಿಸಿಲು ಗೋಡೆ ಇಳಿದು ಅಂಗಳಕ್ಕೆ ಬರುತ್ತಿದೆ. ಆ ಬಿಸಿಲಿನ ಮೇಲೆ ಅವರಿಗೆ ಸಿಟ್ಟು ಬರುತ್ತದೆ.

ಕೊನೆಗೂ ಫೋನ್ ಬರುತ್ತದೆ. ನಂಬರು ಚಾಲಕನದು, ದನಿ ಎನಿಡ್‌ಳದು. "ಏ ಮಗಳೇ, ಕರೆಂಟೂ ಹೋಯ್ತು, ಫೋನೂ ಹೋಯ್ತು. ತೊಟ್ಟಿಗೆ ಒದ್ದೆ ಗೋಣಿ ಹೊದಿಸಿ, ಮಗು ಕಾದ ಹಾಗೆ ಕಾದಿದ್ದೀನಿ. ನೀವು ನಮ್ಮನ್ನ ಮರೆತೇಬಿಟ್ರಿ ಅಂದ್ಕೊಂಡಿದ್ದೆ ಕಣೇ."

"ಹಾಲು?"

"ನಿಮ್ಮ ಹುಡುಗ ಪರೀಕ್ಷೆ ಮಾಡ್ದ. ಒಡೆದಿಲ್ಲ. ಇನ್ನೊಂದು ಚೂರು ತಡ ಆಗಿದ್ರೆ ಮಾತ್ರ ನನ್ನ ಕೇಳ್ಬೇಡ."

ಫೋನ್ ಇಟ್ಟ ಕ್ಯಾರಿಸೀಮಾ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಳ್ಳುತ್ತಾರೆ. ಆಮೇಲೆ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಕಶೆಂಡಾಕ್ಕೆ ಕಡುಗೆಂಪು ತುಂಬುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಯಾರಾದರೂ ಕೇಳಿದರೆ ಕ್ಯಾರಿಸೀಮಾ ನಾಚುತ್ತಾರೆ. "ಚಿತ್ರ ಚೆಂದ ಕಾಣಲ್ಲ ಅಂತ ಮೇಲಿನೋರು ಮತ್ತೆ ಗೊಣಗ್ತಾರೆ. ಗೊಣಗ್ಲಿ. ಆ ಬಿಳಿ ಜಾಗ ಒಂದನ್ನ ಅಳಿಸದೆ ಇದ್ರೆ ಸಾಕು. ಬಾರದೆ ಇರೋರಿಗೂ ಒಂದು ಹೋಳು ಬೇಕಲ್ವಾ?"

ಮರುದಿನ ನಸುಕಿನಲ್ಲಿ ಅದೇ ಭಾರದ ಹೆಜ್ಜೆ ಮೆಟ್ಟಿಲು ಹತ್ತುತ್ತದೆ. ದಿನಾ "ಎಷ್ಟು ಹಾಲು?" ಎನ್ನುತ್ತಿದ್ದ ಕಟುರೇಬೆ ಇವತ್ತು ಬಾಗಿಲಲ್ಲೇ ನಿಂತು ಪರದೆಯತ್ತ ಕತ್ತು ಚಾಚುತ್ತಾರೆ.

"ಯಾರು ಬಂದಿಲ್ಲ ತಾಯಿ?"

"ಎಲ್ಲ ಬಂದಿದ್ದಾವೆ ಸಾರ್," ಎನ್ನುತ್ತಾರೆ ದನ ಕಾಯುವವರ ಮನೆಯ ಮಗಳು.