ತಲಪಾಡಿ ದಾಟದ ಬಂದೂಕು

ಮಂಗಳೂರಿನ ಕಾವೂರು ಕೆರೆಗೆ ಮುಖಮಾಡಿ ರಾಜೀವಿಯ ಮನೆ. ಅದರ ಮಾಳಿಗೆಯ ಒಂಟಿ ಕೋಣೆಯಲ್ಲಿ ಬಾಡಿಗೆಗೆ ಇದ್ದದ್ದು ಇಬ್ಬರು, ಇಸಿದೋರ್ ಮತ್ತು ಅವನ ಬಂದೂಕು. ಹಾಗೆ ಲೆಕ್ಕ ಹಾಕಿದವಳು ಮನೆಯ ಒಡತಿ ರಾಜೀವಿಯೇ.

"ಪೊರ್ಬುಗಳೇ, ನೀವು ಅದನ್ನು ಮದುವೆ ಆದದ್ದಾ ಎಂತ?" ಎಂದು ಅವಳು, ಕ್ರಿಸ್ತುವರನ್ನು ತುಳುವಿನಲ್ಲಿ ಕರೆಯುವ ಹಾಗೆ ಕರೆದು, ಅಂಗಳದಲ್ಲಿ ಮೀನಿನ ಬುಟ್ಟಿ ತೊಳೆಯುತ್ತ ಕೇಳುವಳು. "ಹೆಂಡತಿಯನ್ನಾದ್ರೂ ಜನ ಒಂದೊಂದು ಸಲ ತವರಿಗೆ ಕಳಿಸ್ತಾರೆ."

"ಇದಕ್ಕೆ ತವರಿಲ್ಲ ರಾಜೀವಿಯಕ್ಕ. ಅದೇ ಕಷ್ಟ," ಎನ್ನುವನು ಇಸಿದೋರ್.

ಬೆಳಗಿನ ಹೊತ್ತು ಕೆರೆಯಿಂದ ಮಂಜು ಎದ್ದು ರಸ್ತೆ ದಾಟಿ ಕಿಟಕಿಯ ತನಕ ಬರುತ್ತಿತ್ತು. ಅವನು ಮಂಚದ ಮೇಲೆ ಕೂತು ಎಣ್ಣೆ ಬಟ್ಟೆಯಿಂದ ಬಂದೂಕಿನ ನಳಿಗೆ ಒರೆಸುವನು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು, ಕಣ್ಣು ಅರ್ಧ ನಿದ್ದೆಯಲ್ಲಿರುತ್ತಿತ್ತು. ಆ ಮಂಜಿನೊಳಗೆ ಅವನಿಗೆ ಎದುರಿನ ತೆಂಗಿನ ಮರಗಳು ಮಂಜೇಶ್ವರದ ಮರಗಳಂತೆ, ಕೆರೆ ಕಡಲಿನಂತೆ ಕಾಣುತ್ತಿತ್ತು. ಬಿಸಿಲು ಬಂದ ಮೇಲೆ ಕೆರೆ ಪುನಃ ಕೆರೆಯೇ.

ಅವನು ಹುಟ್ಟಿದ್ದು ಮಂಜೇಶ್ವರದಲ್ಲಿ. ಹುಡುಗನಾಗಿರುವಾಗಲೇ ಸೈನ್ಯಕ್ಕೆ ಸೇರಿದ. ಹಿಮ ಬೀಳುವ ಊರುಗಳಲ್ಲಿ ಕಾವಲು ನಿಂತು, ಪಿಂಚಣಿ ತೆಗೆದುಕೊಂಡು ಬಂದ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ "ಮರೆತುಹೋಯ್ತು" ಎನ್ನುತ್ತಿದ್ದ. ತಾಯಿ ಎಸ್ತೆರ್ ಊರಿನ ಮನೆಯಲ್ಲಿ ಅವನ ತಂಗಿ ಸಿಂಥಿಯಾಳ ಸಂಸಾರದೊಡನೆ ಇದ್ದಳು. ಇಸಿದೋರನಿಗೆ ಬಿಜೈಯ ಒಂದು ಚಿನ್ನದಂಗಡಿಯ ಬಾಗಿಲಲ್ಲಿ ನಿಲ್ಲುವ ಕೆಲಸ ಸಿಕ್ಕಿತು. ಸ್ವಂತ ಬಂದೂಕು, ಸ್ವಂತ ಲೈಸೆನ್ಸ್ ಇದ್ದವನೇ ಬೇಕು ಎಂದು ಅಂಗಡಿಯವರು ಹೇಳಿದ್ದರಿಂದ ಕಾವೂರಿನ ವಿಳಾಸ ಕೊಟ್ಟು ಲೈಸೆನ್ಸ್ ಮಾಡಿಸಿದ, ಜೋಡಿ ನಳಿಗೆಯ ಬಂದೂಕು ಕೊಂಡ.

ತಪ್ಪು ಆದದ್ದು ಅಲ್ಲಿ. ಕಚೇರಿಯಲ್ಲಿ ಗುಮಾಸ್ತರು ಕೇಳಿದ್ದರು, "ರಾಜ್ಯದ ಒಳಗೆ ಸಾಕಾ, ಹೊರಗೂ ಬೇಕಾ? ಹೊರಗೆ ಆದ್ರೆ ಮೇಲಿನಿಂದ ಒಪ್ಪಿಗೆ ಬರ್ಬೇಕು, ತಡ ಆಗ್ತದೆ."

"ಒಳಗೆ ಸಾಕು. ಹೊರಗೆ ನನಗೆಂತ ಕೆಲಸ?" ಎಂದಿದ್ದ ಇಸಿದೋರ್.

ಸುಳ್ಳು ಹೇಳಿದ್ದಲ್ಲ. ರಾಜ್ಯದ ಹೊರಗೆ ಎಂದರೆ ಅವನ ಮನಸ್ಸಿಗೆ ಬಂದದ್ದು ರೈಲಿನಲ್ಲಿ ಮಲಗಿ, ಎದ್ದು, ಪುನಃ ಮಲಗಿ ತಲುಪುವ ಊರುಗಳು. ಮಂಜೇಶ್ವರ ಕೇರಳಕ್ಕೆ ಸೇರಿದ್ದಾದರೂ ಹಾಗಲ್ಲ. ಅಲ್ಲಿಯ ಇಗರ್ಜಿಗೂ ಮಂಗಳೂರಿನ ಬಿಷಪ್ಪರೇ ಬಿಷಪ್ಪರು. ಅಲ್ಲಿಯ ಮದುಮಗಳ ಸೀರೆ ಹಂಪನಕಟ್ಟೆಯಿಂದ, ಹೆರಿಗೆ ಅತ್ತಾವರದ ಆಸ್ಪತ್ರೆಯಲ್ಲಿ. ಈ ಕಡೆಯ ಜನರಿಗೆ ತಲಪಾಡಿಯ ಗಡಿ ಎಂದರೆ ಬಸ್ಸಿನ ಒಂದು ಸ್ಟಾಪು.

ಅದು ಸ್ಟಾಪಲ್ಲ ಎಂದು ಗೊತ್ತಾದದ್ದು ಮೊದಲ ರಜೆಯಲ್ಲಿ. ಬಂದೂಕನ್ನು ಬಿಚ್ಚಿ, ಚೀಲದಲ್ಲಿ ಹಾಕಿ, ಕಾಲಬಳಿ ಇಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಹೊರಟಿದ್ದ. ತಲಪಾಡಿಯ ತಪಾಸಣೆಯಲ್ಲಿ ಲೋಕಯ್ಯ ಎಂಬ ಪೊಲೀಸರು ಚೀಲ ನೋಡಿದರು, ಲೈಸೆನ್ಸ್ ಓದಿದರು, ಅವನನ್ನು ಕೆಳಗೆ ಇಳಿಸಿದರು. ಗದರಿಸಲಿಲ್ಲ. ಮಳೆ ಬರುತ್ತಿತ್ತು, ತಮ್ಮ ಕೊಡೆಯೊಳಗೆ ಅವನನ್ನೂ ಸೇರಿಸಿಕೊಂಡೇ ಮಾತಾಡಿದರು.

"ಕೆಲಸದ ಹೊತ್ತಲ್ಲಿ ಹೆಗಲಿಗೆ ಹಾಕಿ ನಿಲ್ಲಿ. ಉಳಿದ ಹೊತ್ತು ಹೀಗೆ ಚೀಲದಲ್ಲಿ ಕೊಂಡೋಗಿ. ಉಡುಪಿಗೆ ಹೋಗಿ, ಬೀದರಿಗೆ ಹೋಗಿ, ಯಾರೂ ಕೇಳುವುದಿಲ್ಲ. ಆದ್ರೆ ಆ ಕೇರಳದ ಬೋರ್ಡಿನ ಆಚೆ ಬೇಡ ಮಾರಾಯ್ರೇ. ಈ ಲೈಸೆನ್ಸಿಗೆ ಕರ್ನಾಟಕ ಇಲ್ಲಿಗೆ ಮುಗೀತದೆ. ಆಚೆಗೆ ಹೋದ್ರೆ ಅದು ಲೈಸೆನ್ಸ್ ಇಲ್ಲದ ಬಂದೂಕು, ನೀವು ಲೈಸೆನ್ಸ್ ಇಲ್ಲದ ಜನ."

"ಬೀದರ್ ನಾನು ಕಂಡದ್ದೇ ಇಲ್ಲ," ಎಂದ ಇಸಿದೋರ್. "ಬೋರ್ಡಿನ ಆಚೆ ನನ್ನ ಅಮ್ಮನ ಮನೆ."

"ಗೊತ್ತಾಯ್ತು. ಆದ್ರೆ ಅದನ್ನು ಇದರಲ್ಲಿ ಬರೀಲಿಲ್ಲ."

ಆಚೆ ಕೇರಳದ ರಸ್ತೆಯಲ್ಲಿ ಅದೇ ಮಳೆ ಬೀಳುತ್ತಿತ್ತು. ಇಸಿದೋರ್ ಅದನ್ನು ಸ್ವಲ್ಪ ಹೊತ್ತು ನೋಡಿ, ಮಂಗಳೂರಿನ ಬಸ್ಸು ಹತ್ತಿದ.

ಹೊರಗೂ ಒಯ್ಯುವ ಒಪ್ಪಿಗೆಗೆ ಆಮೇಲೆ ಅರ್ಜಿ ಕೊಟ್ಟದ್ದುಂಟು. ಅದು ಯಾವುದೋ ಮೇಜಿನ ಮೇಲೆ ನಿದ್ದೆ ಹೋಗಿತ್ತು. ಬಂದೂಕನ್ನು ಖಾಲಿ ಮನೆಯಲ್ಲಿ ಬಿಟ್ಟು ಹೋಗಬೇಡಿ, ಕಳವಾದರೆ ಮೊದಲು ಹಿಡಿಯುವುದು ನಿಮ್ಮನ್ನೇ ಎಂದು ಠಾಣೆಯಲ್ಲಿ ಹೇಳಿದ್ದರು. ಕೋಣೆಯ ಬಾಗಿಲಾದರೋ ಹಲಗೆಯದು, ಗಟ್ಟಿ ಗಾಳಿ ಬಂದರೆ ಚಿಲಕ ತಾನೇ ಕಳಚುತ್ತಿತ್ತು. ಹಾಗಾಗಿ ಊರಿಗೆ ಹೋಗುವ ಮೊದಲು ಅವನು ಪೇಟೆಯ ಬಂದೂಕಿನಂಗಡಿಗೆ ಹೋಗಿ, ಅದನ್ನು ಅವರ ವಶಕ್ಕೆ ಕೊಟ್ಟು, ಚೀಟಿ ತೆಗೆದುಕೊಂಡು, ಕೈ ಬೀಸಿಕೊಂಡು ಬಸ್ಸು ಹತ್ತುವುದು ಕ್ರಮವಾಯಿತು. ಆ ದಿನಗಳಲ್ಲಿ ಹೆಗಲು ಹಗುರವಾಗಿ, ತಾನು ನಡೆಯುವುದೋ ತೇಲುವುದೋ ಎಂದು ತಿಳಿಯುತ್ತಿರಲಿಲ್ಲ.

ಒಮ್ಮೆ ಚಿನ್ನದಂಗಡಿಗೆ ಉತ್ತರದ ವ್ಯಾಪಾರಿಯೊಬ್ಬ ಬಂದ. ಅವನ ಹಿಂದೆ ಸೊಂಟದ ಪಟ್ಟಿಯಲ್ಲಿ ಪಿಸ್ತೂಲು ಇಟ್ಟುಕೊಂಡ ಕಾವಲಿನವ. ಒಳಗೆ ಸರ ತೂಗುವ ಹೊತ್ತಿಗೆ ಇಬ್ಬರು ಕಾವಲಿನವರೂ ಬಾಗಿಲಲ್ಲಿ ನಿಂತರು. ಸೈನ್ಯದಲ್ಲಿ ಕಲಿತ ಹಿಂದಿಯಲ್ಲಿ ಇಸಿದೋರ್ ಕೇಳಿದ, "ನಿಮ್ಮದು ಇಲ್ಲಿ ನಡೀತದಾ?"

"ಆಲ್ ಇಂಡಿಯಾ," ಎಂದು ಅವನು ತನ್ನ ಲೈಸೆನ್ಸಿನ ಮೊಹರು ತೋರಿಸಿದ.

"ಕೇರಳಕ್ಕೂ?"

"ಎಲ್ಲ ಕಡೆಗೂ."

ಇಸಿದೋರ್ ಆ ಮೊಹರನ್ನು ಚರ್ಚಿನ ಬಣ್ಣದ ಗಾಜು ನೋಡುವ ಹಾಗೆ ನೋಡಿದ. "ಹಾಗಾದ್ರೆ ನಿಮಗೆ ಸುಖ. ಮನೆಗೆ ಯಾವಾಗ ಬೇಕಾದ್ರೂ ಹೋಗಬಹುದು."

"ಹೋಗಬಹುದು," ಎಂದ ಅವನು. "ಸೇಠ್ ರಜೆ ಕೊಡ್ಬೇಕಲ್ಲ."

ಹೀಗಿರುವಾಗ ಮೊಂತಿ ಹಬ್ಬ ಬಂತು. ಕನ್ಯಾ ಮರಿಯಮ್ಮನ ಹುಟ್ಟುಹಬ್ಬ, ಹೊಸ ಅಕ್ಕಿಯ ಊಟದ ದಿನ. ಮಕ್ಕಳು ದಿನಾ ಹೂ ತಂದು ಮಾತೆಗೆ ಹಾಕಿ, ಕಡೆಯ ದಿನ ಚರ್ಚಿನಲ್ಲಿ ಆಶೀರ್ವಾದ ಮಾಡಿದ ತೆನೆ ಮನೆಗೆ ತರುತ್ತಾರೆ. ಎಸ್ತೆರ್ ಅದರ ಕಾಳು ಸುಲಿದು, ಜಜ್ಜಿ, ತೆಂಗಿನಹಾಲಿನಲ್ಲಿ ಕಲಸಿ, ತನ್ನ ಕೈಯಿಂದಲೇ ಒಬ್ಬೊಬ್ಬರಿಗೆ ಕೊಡುವಳು. ಆಮೇಲೆಯೇ ಬಾಳೆಲೆ. ಮನೆಯವರೆಲ್ಲ ಕೂರದೆ ಅವಳು ಕಾಳು ಜಜ್ಜುವುದಿಲ್ಲ. ಕಡಲಾಚೆ ಇದ್ದವರಿಗೆ ಮಾತ್ರ ವಿನಾಯಿತಿ. ಕುವೈತಿನಲ್ಲಿರುವ ಕಿರಿಯ ಮಗ ಮೆಲ್ವಿನನಿಗೆ ಒಂದೆರಡು ಕಾಳು ಪೋಸ್ಟಿನಲ್ಲಿ ಹೋಗುತ್ತಿತ್ತು. ಆ ವರ್ಷ ಮಳೆಗಾಲವೆಲ್ಲ ಅವಳು ಹಾಸಿಗೆ ಹಿಡಿದು, ಹಬ್ಬ ಹತ್ತಿರ ಬರುವಾಗ ಎದ್ದು ಕೂತಿದ್ದಳು. ಇನ್ನೊಂದು ಹೊಸ ಅಕ್ಕಿ ಅವಳ ಕೈಯಿಂದ ಸಿಗುವುದೋ ಇಲ್ಲವೋ ಯಾರಿಗೆ ಗೊತ್ತು. ಈ ಸಲ ತಪ್ಪಬಾರದೆಂದು ಇಸಿದೋರ್ ಮನಸ್ಸಿನಲ್ಲಿಯೇ ಗಂಟು ಹಾಕಿದ್ದ.

ಹಬ್ಬ ಭಾನುವಾರ. ಬಂದೂಕನ್ನು ಶನಿವಾರ ಕೊಟ್ಟರಾಯಿತು ಎಂದು ನೆನಸಿದ. ತನ್ನ ಹಬ್ಬದ ಕನಸಿನಲ್ಲಿ ಬೇರೆಯವರ ಹಬ್ಬ ಮರೆತ. ಶನಿವಾರ ಚೀಲ ಹೊತ್ತು ಹೋದರೆ ಬಂದೂಕಿನಂಗಡಿಯ ಶಟರ್ ಎಳೆದಿತ್ತು. ಅದಕ್ಕೆ ಮಾವಿನೆಲೆಯ ತೋರಣ. ಅಂದು ಚೌತಿ.

ಠಾಣೆಗೆ ಹೋದ. ಪೊಲೀಸರೆಲ್ಲ ಗಣಪತಿ ಇಟ್ಟ ಕಡೆಗೆ ಬಂದೋಬಸ್ತಿಗೆ ಹೋಗಿ, ಅಲ್ಲಿ ಉಳಿದಿದ್ದವರು ಒಬ್ಬರೇ. "ಇಟ್ಟುಕೊಳ್ಳಲಿಕ್ಕೆ ಸಾಹೇಬರ ಸಹಿ ಬೇಕು. ಅವರು ಸೋಮವಾರ ಸಿಗ್ತಾರೆ," ಎಂದರು.

ಮನೆಗೆ ಬಂದಾಗ ರಾಜೀವಿ ಕೊಟ್ಟೆ ಕಡುಬು ಹಿಡಿದು ಮೆಟ್ಟಿಲಲ್ಲೇ ಕೂತಿದ್ದಳು. ಅವನ ಮುಖ ನೋಡಿ ಎಲ್ಲ ಕೇಳಿ ತಿಳಿದಳು.

"ಇಷ್ಟೇಯಾ? ನನ್ನ ಅಕ್ಕಿ ಡಬ್ಬದಲ್ಲಿ ಹಾಕಿ. ಮೇಲೆ ಅಕ್ಕಿ ಸುರೀತೇನೆ. ಗಣಪತಿಗೂ ಗೊತ್ತಾಗ್ಲಿಕ್ಕಿಲ್ಲ."

"ಆಗ ಅದು ನಿಮ್ಮ ಬಂದೂಕು ಆಗ್ತದೆ ರಾಜೀವಿಯಕ್ಕ. ನಿಮಗೆ ಲೈಸೆನ್ಸ್ ಇಲ್ಲ. ಹಿಡಿದ್ರೆ ನಿಮ್ಮನ್ನು ಒಳಗೆ ಹಾಕ್ತಾರೆ."

"ನನ್ನನ್ನಾ? ಮೀನಿನ ಚೂರಿ ನೋಡಿದ್ರೆ ಅವರೇ ಓಡ್ತಾರೆ."

"ಹಾಗಾದ್ರೆ ಬಸ್ಸಲ್ಲೇ ಕೊಂಡೋಗಿ," ಎಂದಳು, ಅವನು ಒಪ್ಪದ್ದನ್ನು ಕಂಡು. "ಹಬ್ಬದ ದಿನ ಯಾರು ಚೀಲ ನೋಡ್ತಾರೆ?"

ಅದು ಅವನಿಗೂ ಹೊಳೆದಿತ್ತು. ಕಣ್ಣು ಮುಚ್ಚಿದರೆ ಆ ಬೋರ್ಡು ಮಳೆಯಲ್ಲಿ ಕರಗಿ ನೀರಾಗಿ ಹರಿದುಹೋಗುವುದು, ತಾನು ಬಂದೂಕು ಹೊತ್ತು ಮರಳಿನಲ್ಲಿ ನಡೆಯುವುದು, ಹಿಂದೆ ಹೆಜ್ಜೆಯೇ ಬೀಳದಿರುವುದು ಎಲ್ಲ ಕಾಣುತ್ತಿತ್ತು. ಕಣ್ಣು ತೆರೆದರೆ ಲೋಕಯ್ಯರ ಕೊಡೆ. ಲೈಸೆನ್ಸ್ ಹೋದರೆ ಕೆಲಸವೂ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಜೀವಮಾನವಿಡೀ ಗಡಿ ಕಾದವನು ಈಗ ಗಡಿಯಲ್ಲಿ ಕದ್ದು ನುಸುಳುವುದು ಹೇಗೆ? ಅವನು ರಾಜೀವಿ ಕೊಟ್ಟ ಕಡುಬು ಕೈಯಲ್ಲಿ ಹಿಡಿದೇ ತಾಯಿಗೆ ಫೋನು ಮಾಡಿದ.

"ಮಾಂಯ್, ನಾಳೆ ನನಗೆ ಬರ್ಲಿಕ್ಕೆ ಆಗುವುದಿಲ್ಲ. ನನ್ನನ್ನು ಕಾಯಬೇಡಿ. ನನ್ನ ಪಾಲು ಪೋಸ್ಟಿಗೆ ಹಾಕಿ."

ಆ ಕಡೆ ಕಡಲಿನ ಸದ್ದು ಕೇಳಿಸುತ್ತಿತ್ತು. ಅದರ ನಡುವೆ ಎಸ್ತೆರ್ ಹೇಳಿದಳು, "ಕುವೈತಿಗೆ ಹೋದವನಿಗೆ ಪೋಸ್ಟು. ಕಾವೂರಿಗೆ ಹೋದವನಿಗೂ ಪೋಸ್ಟಾ? ಊರವರು ಎಂತ ಹೇಳಿಯಾರು?"

"ಬಂದೂಕು ಬಿಟ್ಟು ಬರುವ ಹಾಗಿಲ್ಲ, ಹಿಡಿದು ಬರುವ ಹಾಗೂ ಇಲ್ಲ ಮಾಂಯ್."

"ಗಡಿ ದಾಟ್ಲಿಕ್ಕೆ ಲೈಸೆನ್ಸ್ ಬೇಕಾದದ್ದು ಅದಕ್ಕೆ. ನನಗೆ ಬೇಕಾ?"

"ನಿಮಗೆ ಎಂತಕ್ಕೆ?"

"ಹಾಗಾದ್ರೆ ಆಯ್ತು," ಎಂದು ಅವಳು ಫೋನು ಸಿಂಥಿಯಾಳ ಮಗಳು ಆಂಡ್ರಿಯಾಳ ಕೈಗೆ ಕೊಟ್ಟಳು.

ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಕೆರೆಯ ಬದಿಯಲ್ಲಿ ಒಂದು ರಿಕ್ಷಾ ಬಂದು ನಿಂತಿತು. ಒಳಗೆ ಸಿಂಥಿಯಾಳ ಸಂಸಾರ, ಬುತ್ತಿ, ಬಾಳೆಲೆಯ ಸುರುಳಿ, ಮಧ್ಯದಲ್ಲಿ ತೆನೆ ಹಿಡಿದ ಎಸ್ತೆರ್. ಹಿಂದಿನಿಂದ ಬಿಸಿಲು ಬಿದ್ದು ಅವಳ ಬಿಳಿಕೂದಲು ಮಂಜಿನ ಹಾಗೆ ಕಂಡಿತು. ನಿಜವಾಗಿ ಬಂದದ್ದೋ ತನಗೆ ಕಂಡದ್ದೋ ಎಂದು ಇಸಿದೋರ್ ಮಾಳಿಗೆಯ ಮೇಲೆಯೇ ನಿಂತುಬಿಟ್ಟ.

"ಮೇಲೆ ಎಂತ ನೋಡ್ತೀರಿ ಪೊರ್ಬುಗಳೇ," ಎಂದಳು ರಾಜೀವಿ. "ಬಾಯಮ್ಮನನ್ನು ಕೈ ಹಿಡಿದು ಹತ್ತಿಸಿ."

"ಮೆಟ್ಟಿಲು ತುಂಬ ಉಂಟು ಮಾಂಯ್. ಕೆಳಗೆಯೇ ಕೂರುವ," ಎಂದ ಅವನು ಇಳಿದು ಬಂದು.

"ಇಷ್ಟು ವರ್ಷ ನೀನು ಎಲ್ಲಿ ಮಲಗ್ತೀ ಅಂತ ನಾನು ಕಂಡದ್ದಿಲ್ಲ, ಪುತಾ. ಹತ್ತಿಸು."

ಕೋಣೆಯಲ್ಲಿ ಒಬ್ಬರ ಮೊಣಕಾಲಿಗೆ ಇನ್ನೊಬ್ಬರ ಮೊಣಕಾಲು ತಾಗುವಂತೆ ಎಲ್ಲರೂ ಕೂತರು. ಎಸ್ತೆರ್ ಮಂಚದಲ್ಲಿ ಕೂತು ಎಲ್ಲರನ್ನೂ ಒಂದು ಸಲ ನೋಡಿದಳು. ಯಾರೂ ಬಾಕಿ ಇಲ್ಲವೆಂದು ಖಾತ್ರಿಯಾದ ಮೇಲೆ ಪ್ರಾರ್ಥನೆ ಹೇಳಿ ಕಾಳು ಸುಲಿದಳು. ರಾಜೀವಿ ಕೊಟ್ಟ ಸಣ್ಣ ಕಲ್ಲಿನಲ್ಲಿ ಜಜ್ಜಿದಳು. ತೆಂಗಿನಹಾಲಿನ ಪರಿಮಳ ಬಂದೂಕಿನ ಎಣ್ಣೆಯ ವಾಸನೆಯೊಡನೆ ಬೆರೆಯಿತು. ಬಾಗಿಲಾಚೆ ನಿಂತ ರಾಜೀವಿಗೂ ಕೈ ಚಾಚಲು ಹೇಳಿದಳು.

"ನಾನು ನಿಮ್ಮ ಜಾತಿ ಅಲ್ಲ ಬಾಯಮ್ಮ."

"ಅಕ್ಕಿಯೂ ನನ್ನ ಜಾತಿ ಅಲ್ಲ. ತಿನ್ನಿ."

ಇಸಿದೋರನ ಅಂಗೈಗೆ ಹಾಕುವಾಗ ಅವನು ತನ್ನ ಇನ್ನೊಂದು ಕೈಯನ್ನು ಅವಳ ಕೈಯಡಿಗೆ ಕೊಟ್ಟ. ಕಾಳು ಒಂದೂ ಕೆಳಗೆ ಬೀಳಲಿಲ್ಲ. ನಾಲಗೆಗೆ ಹಸಿ ಹಾಲಿನ ರುಚಿ, ಆಮೇಲೆ ಬಾಳೆಲೆಯಲ್ಲಿ ಕೆಸುವಿನ ದಂಟಿನ ಪಲ್ಯ, ಬೆಂಡೆ, ಹೀರೆ, ಪಾಯಸ.

ಊಟವಾದ ಮೇಲೆ ಎಸ್ತೆರ್ ಮೂಲೆಯ ಚೀಲ ನೋಡಿದಳು. "ಅದುವೇಯಾ? ಇಷ್ಟು ಸಪುರವಾ? ನಾನು ದೊಡ್ಡ ಎಂತದೋ ಅಂತ ಗ್ರಹಿಸಿದ್ದೆ," ಎಂದವಳು ಅದರ ಕಡೆಗೇ ಮುಖಮಾಡಿ ಮಂಚದಲ್ಲಿ ಒರಗಿದಳು.

"ಅಜ್ಜೀ, ಹೊರಡುವುದಲ್ವಾ? ರಿಕ್ಷಾ ಕಾಯ್ತಾ ಉಂಟು," ಎಂದಳು ಆಂಡ್ರಿಯಾ.

"ನೀವು ಹೋಗಿ. ನಾಳೆ ಆ ಬಂದೂಕಿನಂಗಡಿ ತೆರೀತದಲ್ಲ? ಇವನು ಇದನ್ನು ಅಲ್ಲಿ ಕೊಟ್ಟು, ನನ್ನನ್ನು ಕರ್ಕೊಂಡು ಬರ್ತಾನೆ."

ಚಿನ್ನದಂಗಡಿಯವರಲ್ಲಿ ರಜೆ ಕೇಳಬೇಕು ಎಂದು ಇಸಿದೋರ್ ಹೇಳಹೊರಟ. ಅಷ್ಟರಲ್ಲಿ ಅವಳಿಗೆ ನಿದ್ದೆ ಬಂದಾಗಿತ್ತು. ಅವನು ಉಳಿದವರನ್ನು ರಿಕ್ಷಾ ಹತ್ತಿಸಿ ಮರಳಿದ. ಕೆರೆಯ ಮೇಲೆ ಮೋಡ ಇಳಿಯುತ್ತಿತ್ತು. ಮೊದಲ ಹನಿ ಬೀಳುವ ಮೊದಲು ಹೊಸ್ತಿಲ ಹೊರಗಿದ್ದ ತಾಯಿಯ ಚಪ್ಪಲಿಗಳನ್ನು ಎತ್ತಿ ಒಳಗಿಟ್ಟು, ನೆಲಕ್ಕೆ ಚಾಪೆ ಹಾಸಿಕೊಂಡ.